ಲೆಕ್ಕ ಕೇಳಿದವರಿಗೆ ನನ್ನ ನಮಸ್ಕಾರ

ನಮ್ಮ ಗ್ರಾಮ ಪಂಚಾಯಿತಿಯ ಐದು ವರ್ಷದ ಅವಧಿ ಮುಗಿಯಿತು. ಸದಸ್ಯೆಯಾಗಿ ಗೆದ್ದಾಗ ಮನೆ ಮನೆಗೆ ಹೋಗಿ ಕೈ ಮುಗಿದು ಬಂದಿದ್ದೆ. ಅದು ಮತಕ್ಕೆ ಹೇಳಿದ ಕೃತಜ್ಞತೆ. ನಿಜವಾಗಿ ಯಾರ ಋಣ ಎಷ್ಟಿದೆ ಎಂದು ಅಂದು ನನಗೆ ತಿಳಿದಿರಲಿಲ್ಲ. ಈಗ ತಿಳಿದಿದೆ.

ನಮ್ಮದು ಆನೇಕಲ್ ತಾಲ್ಲೂಕು. ಒಂದು ಕಡೆ ಬನ್ನೇರುಘಟ್ಟದ ಕಾಡು, ಇನ್ನೊಂದು ಕಡೆಯಿಂದ ಒತ್ತಿಕೊಂಡು ಬರುತ್ತಿರುವ ಬೆಂಗಳೂರು. ರಾಗಿ ಹೊಲಕ್ಕೆ ತಾಗಿಕೊಂಡೇ ಅಪಾರ್ಟ್‌ಮೆಂಟಿನ ಕಾಂಪೌಂಡು ಎದ್ದಿದೆ. 2020ರ ಡಿಸೆಂಬರ್‌ನಲ್ಲಿ ಚುನಾವಣೆ ಬಂದಾಗ ನಮ್ಮ ವಾರ್ಡಿನ ಸ್ಥಾನ ಸಾಮಾನ್ಯ ಮಹಿಳೆಗೆ ಮೀಸಲಾಗಿತ್ತು. ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ಪಂಚಾಯಿತಿಗೆ 21 ಆಗಿದ್ದರೆ ಸಾಕು. ನನಗೆ 22. ಬಿ.ಕಾಂ. ಮುಗಿಸಿ, ಕೋವಿಡ್‌ನಿಂದಾಗಿ ಕೆಲಸ ಸಿಗದೆ ಮನೆಯಲ್ಲಿದ್ದೆ. "ನೀನೇ ಏಕೆ ನಿಲ್ಲಬಾರದು?" ಎಂದು ಮೊದಲು ಕೇಳಿದವರು ನಮ್ಮ ಬೀದಿಯ ಅಂಗನವಾಡಿ ಟೀಚರ್. ನನಗೆ ಅಕ್ಷರ ತಿದ್ದಿಸಿದವರೂ ಅವರೇ. ಟೀಚರ್, ನಿಮಗೆ ಮೊದಲ ನಮಸ್ಕಾರ.

ಡಿಸೆಂಬರ್ 30ರ ಎಣಿಕೆಯನ್ನು ನಾನು ಮರೆಯುವಂತಿಲ್ಲ. ನಮ್ಮದು ಮತಪತ್ರದ ಚುನಾವಣೆ. ಮಡಿಕೆ ಬಿಚ್ಚಿ, ಮುದ್ರೆ ಯಾವ ಚಿಹ್ನೆಯ ಮೇಲೆ ಬಿದ್ದಿದೆ ಎಂದು ಒಂದೊಂದನ್ನೂ ನೋಡಿ ಕಟ್ಟು ಕಟ್ಟುತ್ತಿದ್ದರು. ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಮುದ್ರೆ ಬಿದ್ದಿದ್ದ ಒಂದು ಮತಪತ್ರವನ್ನು ಅಧಿಕಾರಿ ದೀಪಕ್ಕೆ ಹಿಡಿದು ನೋಡಿದಾಗ ನನ್ನ ಉಸಿರೇ ನಿಂತಿತ್ತು. ರಾತ್ರಿ ಫಲಿತಾಂಶ ಬಂದಾಗ ನಾನು 11 ಮತಗಳಿಂದ ಗೆದ್ದಿದ್ದೆ. ಸೋತವರು ನಾನು ಚಿಕ್ಕಂದಿನಿಂದ ಅತ್ತೆ ಎಂದು ಕರೆಯುವವರು. ನಮ್ಮ ಬೀದಿಗೆ ಎರಡು ಬೀದಿ ಆಚೆ ಅವರ ಮನೆ. ಮಾಸ್ಕಿನ ಮೇಲೆ ಅವರ ಕಣ್ಣಷ್ಟೇ ಕಾಣುತ್ತಿತ್ತು. "ವಾರ್ಡ್ ಸಭೆ ಆರು ತಿಂಗಳಿಗೊಮ್ಮೆ ಕರೆಯಬೇಕು. ತಪ್ಪಿಸಬೇಡ, ನಾನು ಬರುತ್ತೇನೆ" ಎಂದರು. ಅಷ್ಟೇ ಹೇಳಿ ಹೊರಟರು. ಕೋಪದ ಮಾತು ಎಂದುಕೊಂಡು ರಾತ್ರಿಯಿಡೀ ನೊಂದುಕೊಂಡಿದ್ದೆ.

ಮೊದಲ ಸಾಮಾನ್ಯ ಸಭೆಯ ದಿನ ಹಿರಿಯರೊಬ್ಬರು, "ಸಹಿ ಮಾಡಿ ಹೋಗಮ್ಮ, ಉಳಿದದ್ದನ್ನು ನಿಮ್ಮ ಅಪ್ಪನ ಹತ್ತಿರ ಮಾತನಾಡುತ್ತೇವೆ" ಎಂದರು. ಅಪ್ಪ ಅಲ್ಲೇ ರಸ್ತೆಯಾಚೆಯ ಟೀ ಅಂಗಡಿಯಲ್ಲಿದ್ದರು. ಕರೆಸಿದರೆ ಅಂಗಡಿಯಿಂದಲೇ, "ಸದಸ್ಯೆ ಒಳಗಿದ್ದಾಳೆ, ನನಗೇನು ಕೆಲಸ?" ಎಂದು ಹೇಳಿ ಕಳಿಸಿದರು. ಐದು ವರ್ಷದಲ್ಲಿ ಒಮ್ಮೆಯೂ ಅವರು ಸಭೆಯ ಬಾಗಿಲು ದಾಟಲಿಲ್ಲ. ಹೆಂಡತಿ, ಮಗಳ ಹೆಸರಿನಲ್ಲಿ ಗಂಡಸರೇ ಕುರ್ಚಿಯಲ್ಲಿ ಕೂರುವುದನ್ನು ಎಷ್ಟು ಊರುಗಳಲ್ಲಿ ನೋಡಿಲ್ಲ! ಅಪ್ಪಾ, ನೀವು ಹೊರಗೆ ಉಳಿದದ್ದರಿಂದಲೇ ನಾನು ಒಳಗೆ ಕೂರಲು ಕಲಿತೆ.

ಅಧಿಕಾರ ಸಿಕ್ಕ ಕೆಲವೇ ತಿಂಗಳಿಗೆ ಕೋವಿಡ್ ಎರಡನೇ ಅಲೆ ಬಂತು. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಸಂಖ್ಯೆ ಬರೆದುಕೊಳ್ಳುತ್ತಾ ಬಾಗಿಲಿಂದ ಬಾಗಿಲಿಗೆ ನಡೆದ ನಮ್ಮ ಆಶಾ ಕಾರ್ಯಕರ್ತೆ ಅಕ್ಕಂದಿರಿಗೆ ಈ ಊರು ಎಂದೆಂದೂ ಋಣಿ.

ನೀರಿನ ಬಗ್ಗೆ ಮಾತ್ರ ವಿವರವಾಗಿ ಹೇಳಲೇಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರು ಬಾಯಾರಿದ್ದು ದೇಶಕ್ಕೆಲ್ಲ ಗೊತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ನೀರು ಪಾಲಿಕೆಗೆ ಸೇರಿದ 110 ಹಳ್ಳಿಗಳ ಕಡೆಗೆ ಹೊರಟಿತು. ಗಡಿಯಿಂದ ಈಚೆ ಉಳಿದ ನಮಗೆ ಕೊಳವೆಬಾವಿಯೇ ಗತಿ. ಆ ಬೇಸಿಗೆಯ ಮಾರ್ಚ್‌ನಲ್ಲಿ ನಮ್ಮ ಎರಡು ಕೊಳವೆಬಾವಿಗಳು ಒಂದರ ಹಿಂದೆ ಒಂದು ಬತ್ತಿದವು. ನಮ್ಮ ನೀರುಗಂಟಿ ಮಾವ ಬೆಳಗಿನ ಜಾವ ನಾಲ್ಕು ಗಂಟೆಗೆ ಕಬ್ಬಿಣದ ಕೀಲಿ ಹೆಗಲಿಗೇರಿಸಿ ಹೊರಡುತ್ತಿದ್ದರು. ಒಂದು ದಿನ ನಾನೂ ಹೋದೆ. ವಾಲ್ವ್ ತಿರುಗಿಸಿ, ಹತ್ತಿರದ ನಲ್ಲಿಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಕಿವಿಗೊಟ್ಟರು. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕೆಂಪು ನೀರು ಕೆಮ್ಮಿತು, ಕೊನೆಗೆ ತಿಳಿನೀರು. "ಗಾಳಿ ಎಷ್ಟು ಹೊತ್ತು ಬರುತ್ತದೋ ಎಣಿಸಿಕೋ ತಾಯಿ. ಮೇಲಿನ ಬೀದಿಗೆ ಇವತ್ತು ನೀರು ಹತ್ತುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ" ಎಂದರು. ಅಂದಿನಿಂದ ಯಾವ ಬೀದಿಗೆ ಟ್ಯಾಂಕರ್ ಕಳಿಸಬೇಕು ಎಂಬುದನ್ನು ಅವರ ಎಣಿಕೆ ಕೇಳಿಯೇ ನಿರ್ಧರಿಸುತ್ತಿದ್ದೆ. ಮಾವ, ನೀವು ಕಲಿಸಿದ್ದನ್ನು ಯಾವ ತರಬೇತಿಯೂ ನನಗೆ ಕಲಿಸಲಿಲ್ಲ.

ಆದರೂ ಊರಿನಲ್ಲಿ ಗುಸುಗುಸು ಹಬ್ಬಿತು. ಸದಸ್ಯೆ ತನ್ನ ಬೀದಿಗೇ ಟ್ಯಾಂಕರ್ ತರಿಸುತ್ತಾಳೆ ಎಂದರು. ಅಳು ಬಂತು, ಅತ್ತೂ ಬಿಟ್ಟೆ. ಆಗ ಮನೆಗೆ ಬಂದವರು ಅದೇ ಅತ್ತೆ. "ಅಳುವುದು ಆಮೇಲೆ. ಲೆಕ್ಕ ಬರೆದು ಹಾಲಿನ ಡೇರಿಯ ಗೋಡೆಗೆ ಅಂಟಿಸು. ದಿನಕ್ಕೆ ಎರಡು ಹೊತ್ತು ಊರೆಲ್ಲ ಅಲ್ಲಿಗೇ ಬರುತ್ತದೆ" ಎಂದರು. ಟ್ಯಾಂಕರ್ ಬಂದ ದಿನ, ಗಾಡಿಯ ನಂಬರು, ಯಾವ ಬೀದಿಗೆ, ಎಷ್ಟು ಹಣ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ. ಓದು ಬರದ ಅಜ್ಜಿಯೊಬ್ಬರು ಹಾಲಿನ ಕ್ಯಾನ್ ಕೆಳಗಿಟ್ಟು, ಮೊಮ್ಮಗನಿಂದ ಸಾಲು ಸಾಲಾಗಿ ಓದಿಸಿಕೊಂಡು, "ನಮ್ಮ ಬೀದಿಯದು ಗುರುವಾರ ಬಿಟ್ಟುಹೋಗಿದೆಯಲ್ಲ" ಎಂದು ನನ್ನನ್ನು ಹಿಡಿದು ನಿಲ್ಲಿಸಿದರು. ಅವರ ಮಾತು ಸರಿಯಾಗಿತ್ತು. ಮರುದಿನ ಮೊದಲ ಟ್ಯಾಂಕರ್ ಆ ಬೀದಿಗೇ ಹೋಯಿತು. ಅಜ್ಜಿ, ನಿಮ್ಮ ಆ ಪ್ರಶ್ನೆ ನನಗೆ ಸನ್ಮಾನದ ಶಾಲಿಗಿಂತ ದೊಡ್ಡದು.

ಮೊದಲ ವಾರ್ಡ್ ಸಭೆಗೆ ಬಂದವರು 9 ಜನ. ಕೋರಂಗೆ ಬೇಕಾದಷ್ಟು ಜನ ಇಲ್ಲದೆ ಮುಂದೂಡಬೇಕಾಯಿತು. ಡೇರಿ ಗೋಡೆಯ ಲೆಕ್ಕದ ನಂತರದ ಸಭೆಗೆ ಅರಳಿಕಟ್ಟೆಯ ಮೇಲೆ ಜಾಗ ಸಾಲದೆ ಶಾಲೆಯ ಜಮಖಾನ ತಂದು ಹಾಸಿದೆವು. ಬೈದವರು, ದನಿ ಏರಿಸಿದವರು, ರಸೀದಿ ತೋರಿಸು ಎಂದವರು ಎಲ್ಲರಿಗೂ ಇಂದು ಕೈ ಮುಗಿಯುತ್ತೇನೆ. ನಗರದಲ್ಲಿರುವ ನನ್ನ ಕಾಲೇಜಿನ ಗೆಳತಿಯರು ಕಸ, ಬೀದಿದೀಪ ಎಂದು ನನಗೆ ಫೋನ್ ಮಾಡಿ ಯಾರನ್ನು ಕೇಳಬೇಕು ಎನ್ನುತ್ತಿದ್ದರು. ಅಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು, ನಾನು ಸದಸ್ಯೆಯಾಗಿದ್ದ ಅಷ್ಟೂ ಕಾಲ ಚುನಾವಣೆಯೇ ನಡೆದಿರಲಿಲ್ಲ. ತಡೆದು ನಿಲ್ಲಿಸಿ ಕೇಳಲು ಒಬ್ಬ ಸದಸ್ಯೆ ಇರುವುದೇ ಎಷ್ಟು ದೊಡ್ಡದು ಎಂದು ನನಗೆ ಮನವರಿಕೆಯಾದದ್ದು ಅವರ ಫೋನ್‌ಗಳಿಂದ.

ಅತ್ತೆ, ನೀವು ಹೇಳಿದಂತೆಯೇ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಕನ್ನಡಕ ಏರಿಸಿ, ಬಟ್ಟೆಯ ಚೀಲದಿಂದ ಹಳೆಯ ನಡಾವಳಿಯ ಪ್ರತಿ ತೆಗೆದು, "ಹೋದ ಸಲ ಹೀಗೆ ಹೇಳಿದ್ದೆ" ಎಂದು ಶುರು ಮಾಡುತ್ತಿದ್ದಿರಿ. ಕೊನೆಯ ಸಭೆಯಲ್ಲೂ ಶಾಲೆಯ ಹಿಂದಿನ ಚರಂಡಿಯ ವಿಷಯ ಎತ್ತಿದಿರಿ. ಅದನ್ನು ಮಾಡಿಸಲು ನನ್ನಿಂದ ಆಗಲಿಲ್ಲ, ಕ್ಷಮಿಸಿ. ಕ್ರಿಯಾ ಯೋಜನೆಯಲ್ಲಿ ಸೇರಿಸಿದ ಪುಟದ ನಕಲು ತೆಗೆಸಿ ಇಟ್ಟಿದ್ದೇನೆ. ಭಾನುವಾರ ಸಂಜೆ ಡೇರಿಯ ಹತ್ತಿರ ತಂದುಕೊಡುತ್ತೇನೆ. ಮುಂದೆ ಯಾರೇ ಗೆದ್ದು ಬಂದರೂ ಇಬ್ಬರೂ ಹೋಗಿ ಕೇಳೋಣ.