ಒಂದೇ ಕಣ್ಣಿನ ಕುರಿಮರಿ ಮತ್ತು ನಿನ್ನ ಲೇಖನ

ಬದಿಯಡ್ಕ

ಪ್ರೀತಿಯ ತಂಗೀ,

ಹೆಡ್ಜ್‌ಹಾಗ್ ಸಂಕೇತದ ಬಗ್ಗೆ, ಅಂದರೆ ಮರಿಯ ದೇಹ ಮೂಡುವಾಗ ಕೋಶಗಳು ಒಂದಕ್ಕೊಂದು ಕಳಿಸುವ ಒಂದು ಸುದ್ದಿಯ ಬಗ್ಗೆ, ನೀನು ಬರೆದ ಲೇಖನ ಓದಿದೆ. ಕಾಸರಗೋಡಿನ ಹುಡುಗಿಯೊಬ್ಬಳು ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯಲು ಹೊರಟದ್ದೇ ನನಗೆ ದೊಡ್ಡ ಖುಷಿ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತಿದ್ದೇನೆ.

ಮೊದಲ ಪುಟದ ತುಂಬ ಪ್ರೋಟೀನುಗಳ ಹೆಸರುಗಳೇ. ಓದುವವರು ಅಲ್ಲೇ ಬಿಟ್ಟುಬಿಡುತ್ತಾರೆ. ಒಳ್ಳೆಯ ಕತೆಯನ್ನು ಮಾತ್ರ ಕೊನೆಯಲ್ಲಿ ಎರಡೇ ಸಾಲಿಗೆ ಮುಗಿಸಿದ್ದೀಯ. ಅಮೆರಿಕದ ಐಡಾಹೋದಲ್ಲಿ 1950ರ ದಶಕದಲ್ಲಿ ಹಣೆಯ ನಡುವೆ ಒಂದೇ ಕಣ್ಣಿರುವ ಕುರಿಮರಿಗಳು ಹುಟ್ಟುತ್ತಿದ್ದವು. ವಿಜ್ಞಾನಿಗಳಿಗೆ ಕಾರ್ನ್ ಲಿಲಿ ಎಂಬ ಕಾಡುಗಿಡದ ಮೇಲೆ ಸಂಶಯ ಬಂತು. ಸಂಶಯಕ್ಕೇ ನಿಲ್ಲಲಿಲ್ಲ. ಗಬ್ಬದ ಕುರಿಗಳಿಗೆ ಆ ಗಿಡವನ್ನೇ ತಿನ್ನಿಸಿ ನೋಡಿದರು. ಗಬ್ಬದ 14ನೇ ದಿನದ ಹೊತ್ತಿಗೆ ತಿಂದ ಕುರಿಗಳ ಮರಿಗಳಲ್ಲಿ ಆ ಒಂಟಿ ಕಣ್ಣು ಕಂಡಿತು. ಗಿಡದಲ್ಲಿದ್ದ ವಸ್ತುವಿಗೆ ಸೈಕ್ಲೋಪಮೀನ್ ಎಂದು ಹೆಸರಿಟ್ಟರು. ಅದು ಹೆಡ್ಜ್‌ಹಾಗ್ ಸುದ್ದಿಯನ್ನು ಜೀವಕೋಶದೊಳಕ್ಕೆ ದಾಟಿಸುವ ಸ್ಮೂದೆಂಡ್ ಎಂಬ ಪ್ರೋಟೀನನ್ನು ತಡೆಯುತ್ತದೆ ಎಂದು ಗೊತ್ತಾಗಲು ಮತ್ತೆ ದಶಕಗಳೇ ಬೇಕಾದವು.

ಲೇಖನವನ್ನು ಇಲ್ಲಿಂದ ಶುರು ಮಾಡು. ಆಮೇಲೆ ಹಣ್ಣಿನ ನೊಣಕ್ಕೆ ಬಾ. 1980ರಲ್ಲಿ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ವೀಶೌಸ್ ಆ ನೊಣದ ಮರಿಹುಳುಗಳಲ್ಲಿ ಹೆಡ್ಜ್‌ಹಾಗ್ ಜೀನನ್ನು ಗುರುತಿಸಿದರು. 1993ರಲ್ಲಿ ಅದರ ಬಳಗದ ಜೀನುಗಳು ಕೋಳಿ, ಇಲಿ, ಮೀನುಗಳಲ್ಲೂ ಸಿಕ್ಕಿದವು. ನೊಣಕ್ಕೂ ನಮಗೂ ಒಂದೇ ಏರ್ಪಾಡು! ಇದನ್ನು ಓದುಗರು ಸುಮ್ನೆ ದಾಟಿ ಹೋಗಬಾರದು.

ಈಗ ಆ ಹೆಸರುಗಳನ್ನು ತಾ. ಪ್ಯಾಚ್ಡ್ ಪ್ರೋಟೀನು ಸ್ಮೂದೆಂಡನ್ನು ಅದುಮಿ ಹಿಡಿದಿರುತ್ತದೆ. ಹೆಡ್ಜ್‌ಹಾಗ್ ಬಂದು ಪ್ಯಾಚ್ಡ್‌ಗೆ ಅಂಟಿದರೆ ಹಿಡಿತ ಸಡಿಲವಾಗುತ್ತದೆ, ಸುದ್ದಿ ಕೋಶದ ನಡುವಿನ ಜೀನುಗಳಿಗೆ ತಲುಪುತ್ತದೆ. ಇಷ್ಟು ಸಾಕು.

'ಈ ಜೀನು ಕ್ಯಾನ್ಸರ್ ತರುತ್ತದೆ' ಎಂಬ ವಾಕ್ಯ ತೆಗೆದುಬಿಡು. ಕೈ ಮೂಡುವಾಗ ಕಿರುಬೆರಳಿನ ಬದಿಯಿಂದ ಇದೇ ಸಂಕೇತ ಹೊರಡುತ್ತದೆ. ಯಾವ ಬೆರಳು ಎಲ್ಲಿ ಅನ್ನುವುದು ಅದು ಎಷ್ಟು ಸಿಕ್ಕಿತು, ಎಷ್ಟು ಹೊತ್ತು ಸಿಕ್ಕಿತು ಎಂಬುದರ ಮೇಲೆ ನಿಂತಿದೆ. ದೊಡ್ಡವರ ಚರ್ಮದ ಕೋಶದಲ್ಲಿ ಪ್ಯಾಚ್ಡ್ ಕೆಟ್ಟು ಹಿಡಿತ ತಪ್ಪಿದರೆ ಬೇಸಲ್ ಸೆಲ್ ಕ್ಯಾನ್ಸರ್ ಬರಬಹುದು. ಈ ಕ್ಯಾನ್ಸರಿಗೆಂದು 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಿಸ್ಮೋಡೆಗಿಬ್ ಔಷಧ, ಕುರಿಮರಿಯ ಕಣ್ಣು ಕೆಡಿಸಿದ ವಸ್ತುವಿನ ಹಾಗೆಯೇ ಸ್ಮೂದೆಂಡನ್ನು ತಡೆಯುತ್ತದೆ. ತೆಗೆದುಕೊಂಡವರಲ್ಲಿ ಅನೇಕರಿಗೆ ಊಟದ ರುಚಿ ಗೊತ್ತಾಗುವುದಿಲ್ಲ, ಕೂದಲು ಉದುರುತ್ತದೆ. ನಾಲಿಗೆಯ ರುಚಿಮೊಗ್ಗುಗಳಿಗೂ ಕೂದಲಿಗೂ ಈ ಸಂಕೇತ ಬೇಕು, ಅದಕ್ಕೇ. ಬಸುರಿಯರಿಗೆ ಈ ಔಷಧ ಕೊಡುವಂತಿಲ್ಲ. ಏಕೆ ಅಂತ ಕುರಿಯ ಕತೆ ಓದಿದವರಿಗೆ ನೀನು ಹೇಳಬೇಕಾಗಿಲ್ಲ, ಅಲ್ವಾ?

ಈಗ ನಿನ್ನ ಕೊನೆಯ ಪ್ಯಾರಾ. 'ನಮ್ಮೂರಿನ ಎಂಡೋಸಲ್ಫಾನ್ ಮಕ್ಕಳಲ್ಲೂ ಇದೇ ಸಂಕೇತ ಕೆಟ್ಟಿರಬೇಕು' ಎಂದಿದ್ದೀಯ. ಆ ಮಾತು ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಈ ಊರಲ್ಲಿ ಬೆಳೆದವರಿಗೆ ಒಂಟಿ ಕಣ್ಣಿನ ಮರಿಯ ಕತೆ ಓದಿದಾಗ ಆ ಕೀಟನಾಶಕ ಸುರಿದ ಗೇರು ತೋಟ ನೆನಪಾಗದೆ ಇರುವುದಿಲ್ಲ. ಆದರೂ ತೆಗೆ. ಎಣ್ಮಕಜೆಯ ಒಬ್ಬ ತಾಯಿ ಇದನ್ನು ಓದುತ್ತಾಳೆ ಅಂದುಕೋ. ಮಗನನ್ನು ಎತ್ತಿ ಎತ್ತಿ ಅವಳ ಸೊಂಟ ಬಿದ್ದಿದೆ. ಪೇಪರಿನಲ್ಲಿ ಬಂದದ್ದು ಅವಳಿಗೆ ಉತ್ತರ, ನಿನಗೆ ಅದು ಬರೀ ಊಹೆ. ಎಂಡೋಸಲ್ಫಾನ್ ಕೀಟಗಳ ನರದಲ್ಲಿ ಗಾಬಾ ಎಂಬ ರಾಸಾಯನಿಕದಿಂದ ತೆರೆಯುವ ಕ್ಲೋರೈಡ್ ದಾರಿಯನ್ನು ಮುಚ್ಚುತ್ತದೆ. ಅದು ಬೇರೆಯೇ ಏರ್ಪಾಡು. ಹೆಲಿಕಾಪ್ಟರಿನಿಂದ ವಿಷ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನೇ ತಡೆದದ್ದು, ಇವನ್ನೆಲ್ಲ ಬರೆಯಲು ಹೆಡ್ಜ್‌ಹಾಗ್ ಬೇಕಾಗಿಲ್ಲ. ಅದು ಬೇರೆಯೇ ಲೇಖನ. ಅದನ್ನೂ ನೀನೇ ಬರೆಯಬೇಕು, ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಗಳಿಗೆ ಹೋಗಿ ಕೂತು ಕೇಳಿದ ಮೇಲೆ.

ಸದ್ಯಕ್ಕೆ ಇದನ್ನು ತಿದ್ದಿ ಕಳಿಸು. ಕುರಿಗಳ ಭಾಗವನ್ನು ಜಾಸ್ತಿ ಬೆಳೆಸು.

ನಿನ್ನ ಅಕ್ಕ