ಮನೋವೈದ್ಯರ ವಿಡಿಯೋ ಭೇಟಿ ನಿಲ್ಲದಿರಲಿ

ಮಾನ್ಯರೇ,

2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ (ಫೋನ್, ವಿಡಿಯೋ ಮೂಲಕ ದೂರದಿಂದಲೇ ಚಿಕಿತ್ಸೆ) ಮಾರ್ಗಸೂಚಿ ಹೊರಡಿಸಿದ ಮೇಲೆ ಮನೋವೈದ್ಯರು ಕೆಲಸ ಮಾಡುವ ರೀತಿಯೇ ಬದಲಾಯಿತು. ನಮ್ಮ ಚಿಕ್ಕಪ್ಪ ಮನಸ್ಸಿನ ವಿಪರೀತ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ತಗೊಳ್ಳುತ್ತಾರೆ. ಲಾಕ್‌ಡೌನ್‌ನಲ್ಲಿ ವೈದ್ಯರು ವಿಡಿಯೋ ಕರೆಯಲ್ಲೇ ಎರಡೂ ಕೈ ಚಾಚಿಸಿ ಮಾತ್ರೆಯಿಂದ ನಡುಕ ಬಂದಿದೆಯಾ ಅಂತ ನೋಡಿ, ರಕ್ತ ಪರೀಕ್ಷೆ ಮಾತ್ರ ಹತ್ತಿರದ ಲ್ಯಾಬ್‌ನಲ್ಲಿ ಮಾಡಿಸಿ ಅಂದು, ಔಷಧಿ ಚೀಟಿಯನ್ನು ವಾಟ್ಸ್ಆ್ಯಪ್‌ಗೆ ಕಳಿಸಿದರು. ಮಾತ್ರೆ ತಪ್ಪಲಿಲ್ಲ.

ಎಲ್ಲವೂ ಫೋನಿನಲ್ಲಿ ಆಗುವುದಿಲ್ಲ, ನಿಜ. ಒಂದೇ ಕೋಣೆಯ ಮನೆಯಲ್ಲಿ, ಗಂಡನ ಎದುರೇ ಹೆಂಗಸು ಏನು ತಾನೆ ಹೇಳಿಕೊಂಡಾಳು? ಅಂಥವರನ್ನು ಎದುರು ಕೂರಿಸಿಕೊಂಡೇ ಮಾತಾಡಿಸಬೇಕು. ಆದರೆ ಆರಾಮಾಗಿರುವ ಹಳೆಯ ರೋಗಿಗಳನ್ನು ಬರೀ ಚೀಟಿಗಾಗಿ ಬಸ್ಸು ಹತ್ತಿಸಿ ಅಲೆಸುವುದು ಯಾಕೆ? 2022ರಿಂದ ಟೆಲಿ ಮಾನಸ್ (14416) ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಒಳ್ಳೆಯದೇ. ಅದರ ಜೊತೆಗೆ ಜಿಲ್ಲಾ ಆಸ್ಪತ್ರೆಗಳೂ ವಾರಕ್ಕೊಂದು ದಿನ ವಿಡಿಯೋ ಭೇಟಿಗೆ ಮೀಸಲಿಡಲಿ.

– ಒಬ್ಬ ಓದುಗ, ತುಮಕೂರು