ಸೇವ್ ಆಯಿತು ಅಂತ ಹೇಳಿ ಅರ್ಧ ಕಥೆ ನುಂಗಿದ್ದೀರಿ

ಸಪೋರ್ಟ್ ವಿಭಾಗದವರಿಗೆ ನಮಸ್ಕಾರ.

ಹಳ್ಳಿಗಳಲ್ಲಿ ರೆಕಾರ್ಡ್ ಮಾಡಿದ ಜನಪದ ಕಥೆಗಳನ್ನು ನಿಮ್ಮ ವೆಬ್ ಆ್ಯಪ್‌ನಲ್ಲಿ ಟೈಪ್ ಮಾಡಿ ಇಡುತ್ತಿದ್ದೇವೆ. ಊರು, ತಾರೀಕು, ಹೇಳಿದವರ ವಯಸ್ಸು, ಇವೆಲ್ಲ ಚಿಕ್ಕ ಫೀಲ್ಡ್‌ಗಳು, ತಕರಾರಿಲ್ಲ. ತೊಂದರೆ ಇರುವುದು 'ಪೂರ್ಣ ಪಠ್ಯ'ದಲ್ಲಿ.

ಹೋದ ವಾರ ಅಜ್ಜಿಯೊಬ್ಬರು ಹೇಳಿದ ಮುಕ್ಕಾಲು ಗಂಟೆಯ ಕಥೆ ಹಾಕಿದೆ. ಮೂರು ದಿನ ಕೂತು, ಆಡಿಯೋ ಹಿಂದೆ ಮುಂದೆ ಓಡಿಸಿ ಟೈಪ್ ಮಾಡಿದ್ದು. ಸೇವ್ ಒತ್ತಿದೆ. 'ಯಶಸ್ವಿಯಾಗಿ ಉಳಿಸಲಾಗಿದೆ' ಅಂತ ಹಸಿರು ಪಟ್ಟಿ ಬಂತು. ಮರುದಿನ ತೆರೆದರೆ ಕಥೆ 'ಹಾವು ಹುತ್' ಅನ್ನುವಲ್ಲಿಗೆ ನಿಂತಿದೆ! ಹುತ್ತವೂ ಪೂರ್ತಿ ಇಲ್ಲ.

ಫೋನ್ ಮಾಡಿದರೆ ನಿಮ್ಮವರು, 'ಅದು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಪಠ್ಯ ಇಡುವ ಟೆಕ್ಸ್ಟ್ ಅನ್ನುವ ಖಾನೆ (ಕಾಲಂ) ಮೇಡಂ, 65 ಸಾವಿರ ಅಕ್ಷರ ಹಿಡಿಯುತ್ತದೆ' ಅಂದರು. ಅಕ್ಷರ ಅಲ್ಲ ಸ್ವಾಮಿ, 65,535 ಬೈಟ್. ಬೈಟ್ ಅಂದರೆ ಕಂಪ್ಯೂಟರಿನಲ್ಲಿ ಜಾಗದ ಅಳತೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. 'ತ್ತ' ಕಣ್ಣಿಗೆ ಒಂದೇ ಅಕ್ಷರ, ಒಳಗೆ ತ, ಹಲಂತ, ಇನ್ನೊಂದು ತ ಸೇರಿ 9 ಬೈಟ್. ಇಂಗ್ಲಿಷಿಗೆ ಇರುವ ಜಾಗದಲ್ಲಿ ನಮಗೆ ಸಿಗುವುದು ಹೆಚ್ಚು ಕಡಿಮೆ ಮೂರನೇ ಒಂದು ಪಾಲು, ಅಷ್ಟೇ. ಜಾಗ ಮೀರಿದರೆ ಸೇವ್ ತಡೆಯುವ ಸ್ಟ್ರಿಕ್ಟ್ ಮೋಡ್ ಆಫ್ ಇದ್ದರೆ ಡೇಟಾಬೇಸ್ ಉಳಿದದ್ದನ್ನು ಕತ್ತರಿಸಿ, ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತದೆ. ಅದನ್ನು ನಮಗೆ ತೋರಿಸಬೇಕಾದವರು ನೀವು ಅಲ್ವಾ?

ಇನ್ನು ಕಥೆ ಟೈಪ್ ಮಾಡುವ ಆ ಬಾಕ್ಸ್. ನಾಲ್ಕೇ ಸಾಲು ಕಾಣುತ್ತದೆ, ಮೂಲೆ ಹಿಡಿದು ಎಳೆದರೂ ದೊಡ್ಡದಾಗುವುದಿಲ್ಲ. ನಡುವೆ ಎಲ್ಲೋ ಒಂದು ಒತ್ತಕ್ಷರ ತಿದ್ದಬೇಕು ಅಂದರೆ ಸ್ಕ್ರೋಲ್ ಮಾಡಿ ಮಾಡಿ ಬೆರಳು ನೋಯುತ್ತದೆ, ಸೇವ್ ಮಾಡಿದ ಕೂಡಲೇ ಮತ್ತೆ ಮೊದಲ ಸಾಲಿಗೆ ಎಸೆಯುತ್ತದೆ. ಕಿಂಡಿಯಲ್ಲಿ ಕಣ್ಣಿಟ್ಟು ತೇರು ನೋಡಿದ ಹಾಗೆ.

ಕಾಲಂ ಅನ್ನು ಮೀಡಿಯಂಟೆಕ್ಸ್ಟ್ ಅನ್ನುವ ದೊಡ್ಡ ಬಗೆಗೆ ಬದಲಿಸಿ, 16 ಎಂಬಿವರೆಗೆ ಹಿಡಿಯುತ್ತದೆ, ನಮಗೆ ಧಾರಾಳವಾಯಿತು. ಪೂರ್ತಿ ಪರದೆಯಲ್ಲಿ ತಿದ್ದುವ ಅನುಕೂಲ ಕೊಡಿ. ಜಾಗ ಸಾಲದಿದ್ದರೆ ಸೇವ್ ಮಾಡಲೇಬೇಡಿ, ಕೆಂಪು ಪಟ್ಟಿ ತೋರಿಸಿ.

ಅದಕ್ಕೂ ಮೊದಲು ಒಂದು ಕೆಲಸ. ನಾವು ಈಗಾಗಲೇ 140 ಕಥೆ ಹಾಕಿದ್ದೇವೆ, ಯಾವುದರ ಬಾಲ ಹೋಗಿದೆಯೋ ಗೊತ್ತಿಲ್ಲ. ಕತ್ತರಿ ಬಿದ್ದ ಕಥೆ ಮಿತಿಯ ಅಂಚಿನಲ್ಲೇ ನಿಂತಿರುತ್ತದೆ, ಹಾಗಾಗಿ 65,533ರಿಂದ 65,535 ಬೈಟ್ ಇರುವ ದಾಖಲೆಗಳ ಪಟ್ಟಿ ತೆಗೆದು ಈ ವಾರದೊಳಗೆ ಕಳಿಸಿ. ಡೇಟಾಬೇಸಿಗೆ ಒಂದು ಸಾಲಿನ ಪ್ರಶ್ನೆ (ಕ್ವೆರಿ) ಸಾಕು. ಅಲ್ಲಿಯವರೆಗೆ ನಾವು ವರ್ಡ್ ಫೈಲಿನಲ್ಲೇ ಟೈಪ್ ಮಾಡಿಕೊಂಡಿರುತ್ತೇವೆ.

ಇಂತಿ,
ನಿಮ್ಮ ಚಂದಾದಾರಳು